ಸಂಬಂಧ: ಇತರೆ

19 ಏಪ್ರಿಲ್ 2023, ಬುಧವಾರ. ಹಳಿಯಾಳ

ನಿವೃತ್ತಿಯಾದ ಮೇಲೆ ದಿನಚರಿ ಬಿಟ್ಟುಬಿಡಬೇಕೆಂದಿದ್ದೆ. ಬರೆಯಲು ಏನಿರುತ್ತದೆ, ಬೆಳಿಗ್ಗೆ ವಾಕಿಂಗು, ಸಂಜೆ ಚಹದಂಗಡಿ. ಆದರೆ ನಿನ್ನೆಯಿಂದ ಟಿವಿ ನೋಡಿದರೆ ಕೈ ಸುಮ್ಮನಿರುವುದಿಲ್ಲ. ದಿಲ್ಲಿಯ ದೊಡ್ಡ ಕೋರ್ಟಿನಲ್ಲಿ ಐದು ಜನ ನ್ಯಾಯಮೂರ್ತಿಗಳು ಕೂತು ಮದುವೆ ಎಂದರೇನು ಎಂದು ವಿಚಾರಣೆ ನಡೆಸಿದ್ದಾರೆ. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ವರಿಸಿದರೆ ಕಾನೂನು ಅದನ್ನು ಮದುವೆ ಎನ್ನಬೇಕೋ ಬೇಡವೋ ಎಂಬುದು ವಾದ. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಸಮಾಜ ಕಲಿಸಿದವನು ನಾನು. ಇಷ್ಟು ಸರಳ ಪ್ರಶ್ನೆಗೆ ಐದು ಜನ ಬೇಕೆ?

ಚಹದಂಗಡಿಯಲ್ಲಿ ಬೆರಳು ಮಡಚಿ ಐದು ಲಕ್ಷಣ ಹೇಳಿದೆ. ಒಂದು ಗಂಡು ಒಂದು ಹೆಣ್ಣು ಇರಬೇಕು, ಹಿರಿಯರು ಒಪ್ಪಬೇಕು, ಊರ ಮುಂದೆ ನಡೆಯಬೇಕು, ಅಕ್ಕಿಕಾಳು ಬೀಳಬೇಕು, ಮನೆತನ ಮುಂದುವರಿಯಬೇಕು. ಒಂದು ತಪ್ಪಿದರೂ ಅದು ಮದುವೆಯಲ್ಲ. ಎಲ್ಲರೂ ತಲೆಯಾಡಿಸಿದರು. ಪಕ್ಕದ ಗ್ಯಾರೇಜಿನ ತಾಜುದ್ದೀನ ಮಾತ್ರ ಕೈಯ ಗ್ರೀಸು ಒರೆಸಿಕೊಳ್ಳುತ್ತ, "ಮಾಸ್ತರ್ರ, ನಮ್ಮ ಓಣ್ಯಾಗ ಒಂದು ಜೋಡಿ ಐತಿ. ನೀವು ಹೇಳಿದ್ದೆಲ್ಲಾ ಆಗೇತಿ, ಹತ್ತು ವರ್ಷದಿಂದ ಇಬ್ಬರೂ ಮಾತಾಡಂಗಿಲ್ಲ. ಅದನ್ನ ಯಾವ ಬೆರಳಿಗೆ ಹಚ್ಚೂಣು?" ಎಂದ. ಅವನಿಗೆ ಎಲ್ಲದರಲ್ಲೂ ಚೇಷ್ಟೆ.

ಮನೆಗೆ ಬಂದು ಜ್ಯೋತಿಗೆ ಹೇಳಿದೆ. "ಐದರಾಗ ಹೊಂದ್ಕೊಂಡ ಇರೂದು ಎಷ್ಟನೇದ್ರಿ?" ಎಂದಳು. ಅದು ಲಕ್ಷಣವಲ್ಲ, ಪರಿಣಾಮ ಎಂದೆ. "ಹಂಗಾರ ನಮಗ ಇನ್ನೂ ಪರಿಣಾಮ ಬಂದಿಲ್ಲ ಬಿಡ್ರಿ" ಎಂದು ಹೆಂಡತಿ ಒಳಗೆ ಹೋದಳು.

ಪತ್ರಿಕೆಗೆ ಓದುಗರ ಪತ್ರ ಬರೆಯಲು ಶುರು ಮಾಡಿದ್ದೇನೆ. ಶೀರ್ಷಿಕೆ ಸಿದ್ಧವಿದೆ: ಮದುವೆಗೆ ಒಂದೇ ಅರ್ಥ.

23 ಏಪ್ರಿಲ್, ಭಾನುವಾರ

ಅಕ್ಕನ ಗಂಡನ ಊರು ಮಳಗಿಗೆ ಹೋಗಿ ಬಂದೆ. ಉಳವಪ್ಪ ಭಾವನ ಮುಖ ಬಾತಿದೆ, ಕಾಲು ಒತ್ತಿದರೆ ಗುಳಿ ಬೀಳುತ್ತದೆ. ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆರಡು ಸಲ ಮುಂಡಗೋಡ ದಾಟಿ ಹುಬ್ಬಳ್ಳಿಗೆ ಡಯಾಲಿಸಿಸ್‌ಗೆ ಹೋಗುತ್ತಾನೆ. ಇನ್ನು ಬಹಳ ದಿನ ಹೀಗೆ ಎಳೆಯಲಾಗದು, ಬೇರೆ ಕಿಡ್ನಿ ಹಾಕಬೇಕು ಎಂದಿದ್ದಾರಂತೆ ಡಾಕ್ಟರು. ಮಾಲವ್ವಕ್ಕ ತೀರಿಕೊಂಡು ಮೂವತ್ತಾರು ವರ್ಷವಾಯಿತು. ಆದರೂ ಅವನು ನನಗೆ ಭಾವನೇ.

ಅಕ್ಕನ ಮಗ ಕಿರಣಕುಮಾರ ಕೊಡಲು ಹೋದ, ಅವನಿಗೇ ಸಕ್ಕರೆ ಕಾಯಿಲೆ. ನನ್ನ ರಕ್ತದ ಗುಂಪು ಹೊಂದುವುದಿಲ್ಲ. ದಿನಚರಿಗೆ ಸುಳ್ಳು ಹೇಳಬಾರದು, ಹೊಂದುವುದಿಲ್ಲ ಎಂದಾಗ ನನಗೆ ಸಮಾಧಾನವಾಯಿತು.

ಹೊಂದಿದ್ದು ಆಕೆಯದು. ಭಾವನ ಮನೆಯಲ್ಲಿರುವ ಹೆಂಗಸಿನದು. "ನಂದು ತಗೋರಿ ಅಂತ ಹೇಳಿಬಿಟ್ಟೇನ್ರಿ ಮಾಸ್ತರ್ರ" ಎಂದಳು ಚಹದ ಕಪ್ಪು ಇಡುತ್ತ, ತೋಟದ ಎರಡು ಬದನೆಕಾಯಿ ಕೊಡುವವಳ ಹಾಗೆ. "ಊಟ ಮಾಡ್ಕೊಂಡು ಹೋಗ್ರಿ" ಎಂದಳು. ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ. ಆ ಮನೆಯಲ್ಲಿ ನಾನು ಚಹ ಕುಡಿಯುತ್ತೇನೆ, ಊಟಕ್ಕೆ ಕೂರುವುದಿಲ್ಲ. ಅದು ಹಳೆಯ ನಿಯಮ.

27 ಏಪ್ರಿಲ್, ಗುರುವಾರ

ಪತ್ರದ ಎರಡನೆಯ ಪ್ಯಾರಾ ಬರೆದೆ. ನಮ್ಮ ಹಿರಿಯರು ಎಷ್ಟು ಸ್ಪಷ್ಟವಾಗಿದ್ದರು ಎಂಬುದಕ್ಕೆ ಉಡಕಿಯ ಉದಾಹರಣೆ ಕೊಟ್ಟಿದ್ದೇನೆ. ಗಂಡ ಸತ್ತವಳನ್ನು ಇನ್ನೊಬ್ಬ ಸೀರೆ ಉಡಿಸಿ ಮನೆಗೆ ಕರೆತರುವುದಕ್ಕೆ ನಮ್ಮಲ್ಲಿ ಉಡಕಿ ಎಂದರು, ಮದುವೆ ಎನ್ನಲಿಲ್ಲ. ವಾಲಗವಿಲ್ಲ, ಅಕ್ಕಿಕಾಳಿಲ್ಲ, ಮುತ್ತೈದೆಯರು ಹತ್ತಿರ ಸುಳಿಯುವುದಿಲ್ಲ. ಮನೆಯಲ್ಲಿ ಇರಲಿ, ಆದರೆ ಹೆಸರು ಬೇರೆ ಇರಲಿ ಎಂಬ ವಿವೇಕ. ಕೋರ್ಟಿನವರು ಇದನ್ನು ಗಮನಿಸಬೇಕು.

ಜ್ಯೋತಿ ಓದಿ ಏನೂ ಹೇಳದೆ ಹಾಳೆ ವಾಪಸು ಕೊಟ್ಟಳು. ಅವಳು ಏನೂ ಹೇಳದಿದ್ದರೆ ನನಗೆ ಹೆಚ್ಚು ಕಿರಿಕಿರಿ.

12 ಮೇ, ಶುಕ್ರವಾರ

ನಿನ್ನೆಗೆ ದಿಲ್ಲಿಯಲ್ಲಿ ವಾದ ಮುಗಿಯಿತು. ತೀರ್ಪು ಆಮೇಲೆ ಕೊಡುತ್ತಾರಂತೆ. ನನ್ನ ಪತ್ರವೂ ಮುಗಿದಿಲ್ಲ.

3 ಜೂನ್, ಶನಿವಾರ

ಕಿರಣ ದಾಂಡೇಲಿಯಿಂದ ನೇರ ನಮ್ಮ ಮನೆಗೆ ಬಂದ. ಅಣಶಿ ಕಡೆ ಪ್ರವಾಸಿಗರಿಗೆ ಜೀಪು ಓಡಿಸುವವನು, ಅಂಗಿಯೆಲ್ಲ ಕೆಂಪು ಧೂಳು. ಕೂರಲೂ ಇಲ್ಲ.

"ಮಾಮಾ, ಚಿಗವ್ವನ ಕಿಡ್ನಿ ತಗೊಳ್ಳಾಕ ಆಗಂಗಿಲ್ಲಂತ."

"ಯಾಕ? ಹೊಂದ್ತೈತಿ ಅಂದಿದ್ರಲ್ಲ?"

"ಕಿಡ್ನಿ ಹೊಂದ್ತೈತಿ. ಕಾಗದ ಹೊಂದವಲ್ದು. ಹೇಂತಿ ಅಂತ ಪುರಾವೆ ಬೇಕಂತ. ಇಲ್ಲಾಂದ್ರ ಯಾರೋ ಬಡವ್ರ ಕಿಡ್ನಿ ಕೊಂಡಾರ ಅಂತ ಅನುಮಾನ ಬರ್ತೈತಂತ."

ಮದುವೆಯ ಫೋಟೊ ಕೇಳಿದ್ದಾರೆ, ಲಗ್ನಪತ್ರಿಕೆ ಕೇಳಿದ್ದಾರೆ, ಮಕ್ಕಳ ಜನನ ಪತ್ರ ಕೇಳಿದ್ದಾರೆ. ಉಡಕಿಗೆ ಯಾರು ಪತ್ರಿಕೆ ಹಾಕಿಸುತ್ತಾರೆ? ಅವರಿಗೆ ಮಕ್ಕಳಾಗಲಿಲ್ಲ. ಕಿರಣನ ಕಾಗದಗಳಲ್ಲೆಲ್ಲ ತಾಯಿ ಮಾಲವ್ವ. ಆಧಾರ್ ಕಾರ್ಡಿನಲ್ಲಿ ಆಕೆಯ ಗಂಡನ ಹೆಸರು ಬಾಳೇಶ ಎಂದಿದೆ. ಅಂದರೆ ಸತ್ತ ಮೊದಲನೆಯ ಗಂಡ. ತವರಿನ ಹಳೆಯ ಓಟರ್ ಚೀಟಿ ಹಿಡಿದು ಮಾಡಿಸಿದ್ದರಿಂದ ಹಾಗಾಗಿದೆ. ಉಳಿದದ್ದು ರೇಷನ್ ಕಾರ್ಡು ಒಂದೇ.

ಕಿರಣ ಅದರ ಪ್ರತಿ ಮೇಜಿನ ಮೇಲಿಟ್ಟ. ಮೊದಲು ಭಾವನ ತಾಯಿ ಇರುವ ತನಕ ಹಿರಿಯ ಸೊಸೆಯ ಹೆಸರು ಮನೆಯಿಂದ ತೆಗೆಯಬಾರದು ಎಂದು ಕಾರ್ಡಿನಲ್ಲಿ ಮಾಲವ್ವ ಎಂದೇ ಉಳಿಸಿದ್ದರು. ಇಪ್ಪತ್ತೈದು ವರ್ಷ ಈಕೆ ನನ್ನ ಅಕ್ಕನ ಹೆಸರಿನ ಅಕ್ಕಿ ಉಂಡಳು. ಆಮೇಲೆ ಹೊಸ ಕಾರ್ಡು ಬಂದಾಗ ಹೆಸರು ಬದಲಾಯಿತು. ಕಾಶೆವ್ವ. ಸಂಬಂಧ: ಇತರೆ.

"ಈ 'ಇತರೆ' ಯಾರು ಬರದಾರೋ ಏನೋ" ಎಂದ ಕಿರಣ.

ಹೊಸ ಕಾರ್ಡಿನ ಅರ್ಜಿ ತುಂಬಿದ್ದು ನಾನು. ಊರ ಅರ್ಜಿಗಳನ್ನೆಲ್ಲ ಮಾಸ್ತರ ಹತ್ತಿರ ತರುತ್ತಾರೆ, ಅದನ್ನೂ ತಂದಿದ್ದರು. ಹೆಂಡತಿ ಎಂಬ ಕಾಲಮ್ಮಿನ ಮೇಲೆ ಪೆನ್ನು ನಿಂತಿದ್ದು ನನಗೆ ಚೆನ್ನಾಗಿ ನೆನಪಿದೆ. ಕಿರಣನಿಗೆ ಹೇಳಲಿಲ್ಲ.

14 ಜೂನ್, ಬುಧವಾರ

ಮದುವೆ ನೋಂದಣಿ ಈಗ ಮಾಡಿಸಬಹುದಲ್ಲ ಎಂದು ಆಸ್ಪತ್ರೆಗೇ ಫೋನು ಮಾಡಿದೆ. ಕಸಿಯ ಕಾಗದಪತ್ರ ನೋಡಿಕೊಳ್ಳುವ ಹುಡುಗಿ ಸುಮಿತಾ ಎಂದು, ನಮ್ಮ ಜೊಯಿಡಾ ತಾಲೂಕಿನ ರಾಮನಗರದವಳು. "ಮಾಡಿಸ್ರಿ ಸರ್, ಆದರ ಕಸಿ ಬೇಕಾದಾಗ ಮಾಡಿಸಿದ ಸರ್ಟಿಫಿಕೇಟು ಅಂದ್ರ ಒಪ್ಪಿಗೆ ಕೊಡೂ ಕಮಿಟಿಯವರು ಇನ್ನೂ ಜಾಸ್ತಿ ಪ್ರಶ್ನೆ ಕೇಳ್ತಾರ. ಆಗಿನ ಕಾಲದ್ದು ಏನರ ಬೇಕು. ಒಂದು ಚೀಟಿ ಆದ್ರೂ ಸಾಕು. ಇಲ್ಲಾ ಅವತ್ತು ಅಲ್ಲಿದ್ದವರು ಯಾರರ ಬರಲಿ" ಎಂದಳು.

ಅವತ್ತು ಅಲ್ಲಿದ್ದವರನ್ನು ಲೆಕ್ಕ ಹಾಕಿದೆ. ನಡೆಸಿಕೊಟ್ಟ ಅಡಿವೆಯ್ಯನವರು ಇಲ್ಲ. ಭಾವನ ತಾಯಿ ಇಲ್ಲ. ಕಾಶೆವ್ವನ ತಂದೆ ಇಲ್ಲ. ನಮ್ಮವ್ವ ಇಲ್ಲ.

ಐದನೆಯವನು ನಾನು.

ತಾಜುದ್ದೀನನಿಗೆ ಹೇಳಿದೆ. "ನಮ್ಮಾಗ ಎರಡು ಸಾಕ್ಷಿ ಇದ್ರ ನಿಕಾಹ್, ಇಲ್ಲಾಂದ್ರ ಇಲ್ಲ. ನಿಮ್ಮ ಭಾವನ ಪಾಲಿಗೆ ಈಗ ಒಂದs ಸಾಕ್ಷಿ ಉಳದೈತಿ, ಅದೂ ಐದು ಬೆರಳು ಮಡಚಿ ಕುಂತೈತಿ" ಎಂದ. ಚೇಷ್ಟೆಯಲ್ಲ ಅದು. ನಗಲಿಲ್ಲ ಅವನು.

20 ಜೂನ್, ಮಂಗಳವಾರ

ಅಟ್ಟದ ಟ್ರಂಕು ಇಳಿಸಿದೆ. ಜ್ಯೋತಿ ಕೆಳಗೆ ನಿಂತು ಏಣಿ ಹಿಡಿದಿದ್ದಳು. 1989ರ ದಿನಚರಿ ಸಿಕ್ಕಿತು, ಅಂಚು ಗೆದ್ದಲು ತಿಂದಿದೆ, ನಡುವೆ ಏನೂ ಆಗಿಲ್ಲ. ಆಗ ನನಗೆ ಇಪ್ಪತ್ತೇಳು. ಅಕ್ಷರ ಎಷ್ಟು ದುಂಡಗಿದ್ದವು. ಹಾಗೆಯೇ ಇಲ್ಲಿ ಇಳಿಸುತ್ತೇನೆ:

"17 ಮೇ 1989, ಬುಧವಾರ. ಇಂದು ಸಂಜೆ ದೀಪ ಹಚ್ಚಿದ ಮೇಲೆ ಮಳಗಿಯಲ್ಲಿ ಭಾವನ ಉಡಕಿ. ಹೆಣ್ಣು ಕಾಶೆವ್ವ, ಗಂಡ ತೀರಿದವಳು, ವಯಸ್ಸು ಇಪ್ಪತ್ಮೂರು. ಅಡಿವೆಯ್ಯನವರು ನಡೆಸಿದರು. ಒಟ್ಟು ಐದು ಜನ. ಅವ್ವ ಅಕ್ಕನ ರೂಪ ಒತ್ತಿಸಿದ ಬೆಳ್ಳಿಯ ಸವತಿ ತಾಳಿಯನ್ನು ಆಕೆಯ ಕೊರಳಿಗೆ ಕಟ್ಟಿ, ಇನ್ನು ನೀನು ನಮ್ಮ ಮಗಳು ಎಂದಳು. ನಾನು ಹೊರಗೆ ಕಟ್ಟೆಯ ಮೇಲೆ ಕೂತಿದ್ದೆ. ಹುಗ್ಗಿ ಮಾಡಿದ್ದರು, ಉಣ್ಣಲಿಲ್ಲ. ಇದನ್ನು ಮದುವೆ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ಅಕ್ಕನ ಮನೆ ನನ್ನ ಪಾಲಿಗೆ ಇಂದಿಗೆ ತೀರಿತು."

ತಾರೀಖಿದೆ, ಹೆಸರುಗಳಿವೆ, ನಡೆಸಿದವರು ಯಾರೆಂದಿದೆ. ಕಮಿಟಿಯವರಿಗೆ ಬೇಕಾದುದೆಲ್ಲ ಇದೆ. ಆ ಮದುವೆಗೆ ಲೋಕದಲ್ಲಿರುವ ದಾಖಲೆ ಇದೊಂದೇ. ಅದರಲ್ಲೇ ಇದು ಮದುವೆಯಲ್ಲ ಎಂದು ನಾನು ಬರೆದಿಟ್ಟಿದ್ದೇನೆ.

21 ಜೂನ್

ತೋರಿಸುವುದಿಲ್ಲ. ತೋರಿಸಿದರೆ ಆ ಎರಡು ಸಾಲಿನಿಂದಲೇ ತಿರಸ್ಕರಿಸುತ್ತಾರೆ.

22 ಜೂನ್

ತೋರಿಸದಿದ್ದರೂ ತಿರಸ್ಕರಿಸುತ್ತಾರೆ.

26 ಜೂನ್, ಸೋಮವಾರ

ಭಾವನಿಗೆ ಡಯಾಲಿಸಿಸ್ ನಡುವೆಯೇ ಪ್ರಜ್ಞೆ ತಪ್ಪಿತಂತೆ. ಹುಬ್ಬಳ್ಳಿಗೆ ಹೋಗಿದ್ದೆ. ಕಾಶೆವ್ವ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಒಳಗೆ ಬಿಟ್ಟಿರಲಿಲ್ಲ, ಹತ್ತಿರದ ಸಂಬಂಧಿಕರು ಮಾತ್ರ ಎಂದರಂತೆ. ಕಿರಣ ದಾಂಡೇಲಿಯಿಂದ ಬರುವ ತನಕ ಮೂರು ತಾಸು ಅಲ್ಲೇ ಕೂತಿದ್ದಾಳೆ.

"ನೀವು ಹೇಂತಿ ಅಂತ ಹೇಳಬೇಕಿತ್ತಲ್ಲ?" ಎಂದೆ.

"ಹೇಳ್ದೇನ್ರಿ. ಕಾರ್ಡ್ ತೋರಸ್ರಿ ಅಂದ್ರು. ಕಾರ್ಡಿನ್ಯಾಗ ನಾ ಏನೋ ಬ್ಯಾರೆ ಅದೇನಂತಲ್ಲ."

ಬೈಯಲಿಲ್ಲ, ಅಳಲೂ ಇಲ್ಲ. ಸೆರಗಿನ ತುದಿಯಲ್ಲಿ ಕಟ್ಟಿದ್ದ ಶೇಂಗಾ ಬಿಚ್ಚಿ ನನಗೂ ನಾಲ್ಕು ಕೊಟ್ಟಳು. ತಿಂದೆ. ಬಸ್ಸಿನಲ್ಲಿ ಬರುವಾಗ ಕಲಘಟಗಿ ದಾಟುವ ತನಕ ಕಣ್ಣು ಒರೆಸಿಕೊಳ್ಳುತ್ತಿದ್ದೆ. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

4 ಜುಲೈ, ಮಂಗಳವಾರ

ಗುರುವಾರ ಕಮಿಟಿ. ಇವತ್ತು ಝೆರಾಕ್ಸ್ ಅಂಗಡಿಗೆ ಹೋಗಿ ಕೊನೆಯ ಎರಡು ಸಾಲಿನ ಮೇಲೆ ಬಿಳಿ ಕಾಗದದ ಪಟ್ಟಿ ಇಟ್ಟು ಪ್ರತಿ ತೆಗೆಸಿದೆ. ಅಚ್ಚುಕಟ್ಟಾಗಿ ಬಂತು. ಮೂವತ್ತೈದು ವರ್ಷ ಮಕ್ಕಳಿಗೆ ಕಾಪಿ ಹೊಡೆಯಬೇಡಿರೋ ಎಂದು ಕೂಗಿದವನು ಆ ಪ್ರತಿ ಹಿಡಿದು ತಾಜುದ್ದೀನನ ಗ್ಯಾರೇಜಿಗೆ ಹೋದೆ.

ಅವನು ಬೆಳಕಿಗೆ ಹಿಡಿದು ನೋಡಿದ. "ಕೆಳಗಿನ ಜಾಗಾ ಖಾಲಿ ಯಾಕೈತಿ? ಮ್ಯಾಲೆಲ್ಲಾ ಒತ್ತಿ ಬರದೀರಿ, ಇಲ್ಲೆ ಬಂದು ಕೈ ನೋಯ್ತೇನ್ರಿ? ಮಾಸ್ತರ್ರ, ಪೇಂಟ್ ಹೊಡದ ಗಾಡಿ ನೋಡಿದ ಕೂಡ್ಲೆ ನಾ ಆಕ್ಸಿಡೆಂಟ್ ಆಗೇತಿ ಅಂತೇನಿ. ಅವರೂ ಅಂತಾರ. ಮುಚ್ಚಿದ್ದು ಕಂಡ್ರ ಖರೇದ್ದೂ ಸುಳ್ಳಾಗ್ತೈತಿ."

ಮನೆಗೆ ಬಂದು ಜ್ಯೋತಿಗೆ ತೋರಿಸಿದೆ. ಈ ಸಲ ಮಾತಾಡಿದಳು. "ಅಕಿ ಕಿಡ್ನಿ ಕೊಡಾಕ ನಿಂತಾಳ. ನಿಮಗ ಎರಡು ಸಾಲು ಕೊಡಾಕ ಆಗಂಗಿಲ್ಲೇನು?"

6 ಜುಲೈ, ಗುರುವಾರ. ರಾತ್ರಿಯ ಬದಲು ಬಸ್ಸಿನಲ್ಲೇ ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿವೆ

ಒಂದೂ ಬಿಡದೆ ಬರೆಯಬೇಕು.

ಕಮಿಟಿಯಲ್ಲಿ ನಾಲ್ಕು ಜನ, ನಡುವೆ ವಯಸ್ಸಾದ ಒಬ್ಬ ಡಾಕ್ಟರಮ್ಮ. ಮೊದಲು ಭಾವನನ್ನೂ ಕಾಶೆವ್ವನನ್ನೂ ಬೇರೆ ಬೇರೆ ಕರೆದು ಕೇಳಿದರಂತೆ. ಆಮೇಲೆ ಎಲ್ಲರನ್ನೂ ಒಟ್ಟಿಗೆ ಕೂರಿಸಿದರು. ಕಿರಣನನ್ನು, ಈಕೆ ನಿನಗೆ ಏನಾಗಬೇಕು ಎಂದರು.

"ಚಿಗವ್ವ ಅಂತೇನ್ರಿ."

"ಸಾಕಿ ಬೆಳಸಿದಾಕಿಗೆ ಅವ್ವಾ ಅನ್ನಾಂಗಿಲ್ಲ?"

"ಸಣ್ಣಾಂವ ಇದ್ದಾಗ ಅಂತಿದ್ದೆನಂತ್ರಿ. ಆಮ್ಯಾಲ ಮಾಮಾ ಚಿಗವ್ವ ಅನ್ನು ಅಂತ ಕಲಿಸಿದ್ರು."

ಡಾಕ್ಟರಮ್ಮ ನನ್ನತ್ತ ನೋಡಿದರು. ಆಮೇಲೆ ರೇಷನ್ ಕಾರ್ಡು ಎತ್ತಿ, "ಸಂಬಂಧ ಇತರೆ ಅಂತ ಐತಿ. ಯಾಕ?" ಎಂದರು. ಸುಮಿತಾ ಬಾಗಿಲ ಹತ್ತಿರ ಫೈಲು ಹಿಡಿದು ನಿಂತಿದ್ದಳು.

"ಅದನ್ನ ಬರದಾಂವ ನಾನು ರೀ" ಎಂದೆ. ಕಿರಣ ತಿರುಗಿ ನೋಡಿದ. ಕಾಶೆವ್ವ ನೋಡಲಿಲ್ಲ. ಆಕೆಗೆ ಮೊದಲೇ ಗೊತ್ತಿತ್ತು ಎಂದು ಆಗ ತಿಳಿಯಿತು.

ಚೀಲದಿಂದ ದಿನಚರಿ ತೆಗೆದೆ. ಝೆರಾಕ್ಸ್ ಅಲ್ಲ, ಅದನ್ನು ಬೆಳಿಗ್ಗೆ ಒಲೆಗೆ ಹಾಕಿದ್ದೆ. ಗುರುತಿಟ್ಟ ಪುಟ ಬಿಚ್ಚಿ ಅವರ ಮುಂದಿಟ್ಟೆ. "ನೀವs ಓದ್ರಿ ಮಾಸ್ತರ್ರ, ಎಲ್ಲಾರೂ ಕೇಳೂಣು" ಎಂದುಬಿಟ್ಟರು ಡಾಕ್ಟರಮ್ಮ.

ಓದಿದೆ. ಸವತಿ ತಾಳಿಯ ಸಾಲು ಬಂದಾಗ ಒಬ್ಬರು ನಿಲ್ಲಿಸಿ ಅದೇನೆಂದು ಕೇಳಿದರು. ಕಾಶೆವ್ವ ಕೊರಳಿನಿಂದ ದಾರ ಎತ್ತಿ ತೋರಿಸಿದಳು. ಕರಿಮಣಿಯ ಪಕ್ಕದಲ್ಲಿ ಉಗುರಿನಷ್ಟು ಬೆಳ್ಳಿ ತಗಡು, ಸವೆದು ಮೂಗು ಕಣ್ಣು ಹೋಗಿದೆ. "ನಮ್ಮ ಹಿರೇಕಿ ರೀ. ಮಾಸ್ತರ್ರ ಅಕ್ಕ. ಮುಂಜಾನೆದ್ದು ಮೊದಲ ಅಕಿಗೆ ಕೈ ಮುಗೀತೇನಿ, ಆಮ್ಯಾಲ ಚಹಾ" ಎಂದಳು. ನಾನು ಅದೇ ಸಾಲನ್ನು ಮತ್ತೆ ಮೊದಲಿನಿಂದ ಓದಿದೆ. ಡಾಕ್ಟರಮ್ಮ ನೀರು ಕೊಡಿಸಿದರು.

ಉಳಿದ ಎರಡು ಸಾಲು. ಅದನ್ನೂ ಓದಿದೆ. ಇದನ್ನು ಮದುವೆ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ಅಕ್ಕನ ಮನೆ ನನ್ನ ಪಾಲಿಗೆ ಇಂದಿಗೆ ತೀರಿತು. ಭಾವ ತಲೆ ತಗ್ಗಿಸಿದ. ಎಲ್ಲ ಹೋಯಿತು, ನನ್ನ ಬಾಯಿಂದಲೇ ಹೋಯಿತು ಎಂದುಕೊಂಡೆ.

ಡಾಕ್ಟರಮ್ಮ ಪುಸ್ತಕ ಇಸಕೊಂಡು ಹಿಂದು ಮುಂದಿನ ಪುಟ ತಿರುವಿದರು. ಪಕ್ಕದವರಿಗೆ ತೋರಿಸಿದರು. ಆಮೇಲೆ ಹೇಳಿದರು: "ದುಡ್ಡು ಕೊಟ್ಟು ದಾಖಲಿ ಮಾಡ್ಸೋರನ್ನ ನಾವು ಭಾಳ ನೋಡೇವಿ. ಅವರ ಕಾಗದದಾಗ ಎಲ್ಲಾ ಚಂದ ಇರ್ತೈತಿ. ಮದುವಿ ಆಗಿದ್ದಕ್ಕ ಸಿಟ್ಟ ಬಂದು ಉಪವಾಸ ಕುಂತೆ ಅಂತ ಯಾರೂ ಬರಸಂಗಿಲ್ಲ. ನಿಮ್ಮ ಸಿಟ್ಟು ಖರೆ ಐತಿ ಮಾಸ್ತರ್ರ, ಹಂಗಾಗಿ ಮದುವಿನೂ ಖರೆ."

ಒಬ್ಬರು ನಕ್ಕರು. ಇನ್ನೊಬ್ಬರು ಪುಟದ ಪ್ರತಿ ತೆಗೆಸಲು ಸುಮಿತಾಳ ಕೈಗೆ ಪುಸ್ತಕ ಕೊಟ್ಟರು. "ಆದರ ಈಗ ನೀವು ಏನಂತೀರಿ? ಅದನ್ನ ಬರಕೋಬೇಕು ನಾವು" ಎಂದರು ಡಾಕ್ಟರಮ್ಮ.

ದೊಡ್ಡ ಮಾತೇನೂ ಬರಲಿಲ್ಲ. "ಇಕಿ ನಮ್ಮ ಭಾವನ ಹೇಂತಿ ರೀ. ಮೂವತ್ನಾಕು ವರ್ಷಾತು" ಎಂದೆ. ಬರೆದುಕೊಂಡರು. ಸಹಿ ಹಾಕಿದೆ. ಒಪ್ಪಿಗೆ ಆಯಿತು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಕಾಶೆವ್ವ ಬಂದು ಒಂದು ಮೆಟ್ಟಿಲು ಕೆಳಗೆ ಕೂತಳು. "ನೀವು ಅವತ್ತು ಉಂಡಿಲ್ಲಂತ ನನಗ ಗೊತ್ತಿತ್ತರಿ. ನಿಮ್ಮ ಪಾಲಿನ ಹುಗ್ಗಿ ಬೋಗುಣಿಯಾಗ ತಗದು ಮುಚ್ಚಿಟ್ಟಿದ್ದೆ. ಮುಂಜಾನೆ ನೋಡಿದ್ರ ನೀವು ಮೊದಲನೇ ಬಸ್ಸಿಗೆ ಹೋಗೀರಿ" ಎಂದಳು.

ಇಷ್ಟು ಬರೆಯುವಷ್ಟರಲ್ಲಿ ಹಳಿಯಾಳ ಬಂತು.

7 ಜುಲೈ, ಶುಕ್ರವಾರ

ನಿನ್ನೆ ಒಂದು ಬರೆಯುವುದು ಬಿಟ್ಟುಹೋಗಿತ್ತು. ಹೊರಡುವ ಮುಂಚೆ ಸುಮಿತಾಗೆ ಚಹ ಕೊಡಿಸಿದೆ. ಮಾಸ್ತರ ಚಾಳಿ, ಲಗ್ನ ಆಗೇದೇನಮ್ಮಾ ಎಂದು ಕೇಳಿದೆ. "ಅದನ್ನ ದಿಲ್ಲಿ ಕೋರ್ಟಿನವರು ಹೇಳಬೇಕು ಸರ್" ಎಂದು ನಕ್ಕಳು. ನಾನೂ ನಕ್ಕೆ, ಏನೋ ಡೈವೋರ್ಸ್ ಕೇಸು ಇರಬೇಕೆಂದು. ಆಮೇಲೆ ಅವಳೇ ಹೇಳಿದಳು. ಪೂರ್ಣಿಮಾ ಎಂಬುವಳ ಜೊತೆ ಒಂಬತ್ತು ವರ್ಷದಿಂದ ಒಂದೇ ಮನೆ. ಹೋದ ವರ್ಷ ಪೂರ್ಣಿಮಾಳಿಗೆ ಅಪೆಂಡಿಕ್ಸ್ ಒಡೆದಾಗ ಕಾಗದಕ್ಕೆ ಸಹಿ ಹಾಕಲು ಪೂರ್ಣಿಮಾಳ ಅಣ್ಣ ಊರಿನಿಂದ ಬರಬೇಕಾಯಿತಂತೆ. ಮಾತು ಬಿಟ್ಟು ಆರು ವರ್ಷವಾಗಿದ್ದ ಅಣ್ಣ. "ದಿನಾ ಇದೇ ಕಾಗದ ನೋಡೂ ಕೆಲಸ ನಂದು. ನಾನೂ ಅವತ್ತು ಹೊರಗ ಬೆಂಚ್ ಮ್ಯಾಲೆ ಕುಂತಿದ್ದೆ ಸರ್" ಎಂದಳು.

ನನಗೆ ಒಗ್ಗುವ ವಿಷಯವಲ್ಲ. ಇನ್ನೊಂದು ಚಹ ಹೇಳಿದೆ.

26 ಜುಲೈ, ಬುಧವಾರ. ಹುಬ್ಬಳ್ಳಿ

ಬೆಳಿಗ್ಗೆ ಏಳಕ್ಕೆ ಇಬ್ಬರನ್ನೂ ಒಳಗೆ ಕರೆದೊಯ್ದರು. ಮೈಮೇಲೆ ಏನೂ ಇರಬಾರದು ಎಂದು ನರ್ಸು ಬಳೆ, ತಾಳಿ ತೆಗೆಸಿದಳು. ಕರಿಮಣಿ ಕಿರಣನ ಕೈಗೆ ಹೋಯಿತು. ಸವತಿ ತಾಳಿಯನ್ನು ಮಾತ್ರ ಕಾಶೆವ್ವ ತಾನೇ ದಾರದಿಂದ ಬಿಡಿಸಿ ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿಸಿದಳು. "ನಿಮ್ಮ ಅಕ್ಕನ್ನ ನೀವ ಹಿಡಕೊಂಡಿರ್ರಿ. ಬಂದು ತಗೋತೇನಿ."

ಸ್ಟ್ರೆಚರು ಹೊರಟಾಗ ಕಿರಣ ಹಿಂದೆ ಓಡಿದ. "ಅವ್ವಾ" ಎಂದು ಕೂಗಿದ. ವಾರ್ಡಿಗೆಲ್ಲ ಕೇಳಿಸಿತು. ನನಗೂ ಕೇಳಿಸಿತು.

ಆರು ತಾಸು. ಬೆಂಚಿನ ಮೇಲೆ ಮುಷ್ಟಿ ಬಿಚ್ಚದೆ ಕೂತಿದ್ದೆ. ಜ್ಯೋತಿ ಚಪಾತಿ ಕೊಟ್ಟರೆ ಎಡಗೈಯಿಂದ ತಿಂದು ಬೈಸಿಕೊಂಡೆ. ಒಂದು ಗಂಟೆಗೆ ಡಾಕ್ಟರು ಬಂದು, ಒಳಗೆ ಮೇಜಿನ ಮೇಲೆಯೇ ಮೂತ್ರ ಬಂತು ಎಂದರು. ಜನ್ಮದಲ್ಲಿ ಮೂತ್ರದ ಸುದ್ದಿಗೆ ಇಷ್ಟು ಖುಷಿಪಟ್ಟಿದ್ದಿಲ್ಲ. ತಾಜುದ್ದೀನನಿಗೆ ಫೋನು ಮಾಡಿ ಅದನ್ನೇ ಕೂಗಿದೆ. "ಮುಬಾರಕ್ ಮಾಸ್ತರ್ರ, ಎಂಜಿನ್ ಚಾಲೂ ಆತು" ಎಂದ.

ಇಬ್ಬರೂ ಕ್ಷೇಮ. ಅಕ್ಕನಿಗೆ ಇನ್ನೂ ಮಂಪರು. ನಾಳೆ ಮಾತಾಡುತ್ತಾಳಂತೆ.

21 ಆಗಸ್ಟ್, ಸೋಮವಾರ. ನಾಗರ ಪಂಚಮಿ

ಅವ್ವ ಇರುವ ತನಕ ಪಂಚಮಿಗೆ ಮಳಗಿಗೆ ಜನ ಕಳಿಸಿ ಕರೆಸುತ್ತಿದ್ದಳು, ಸೀರೆ ಉಡಿಸಿ ಕಳಿಸುತ್ತಿದ್ದಳು. ಅವ್ವ ಹೋದ ಮೇಲೆ ನಾನು ನಿಲ್ಲಿಸಿದ್ದೆ. ಇಪ್ಪತ್ತೇಳು ಪಂಚಮಿ. ಇವತ್ತು ಜ್ಯೋತಿ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿದಳು, ಹಸಿರು ಇಳಕಲ್ ಸೀರೆ ತಂದಿಟ್ಟಿದ್ದಳು. ಆಸ್ಪತ್ರೆಯ ಹತ್ತಿರ ಅವರು ಹಿಡಿದಿರುವ ಬಾಡಿಗೆ ಕೋಣೆಗೇ ಹೋದೆವು. ಭಾವನನ್ನು ದೂರದಿಂದ ನೋಡಿದೆವು, ಮೂಗಿಗೆ ಬಟ್ಟೆ ಕಟ್ಟಿಕೊಂಡು. ಮುಖದ ಬಾವು ಇಳಿದಿದೆ, ಕ್ಷೌರ ಮಾಡಿಸಿಕೊಂಡಿದ್ದಾನೆ. ಅಕ್ಕ ಸೀರೆಯನ್ನು ಕಣ್ಣಿಗೊತ್ತಿಕೊಂಡಳು. ಸವತಿ ತಾಳಿ ಹೊಸ ದಾರದಲ್ಲಿದೆ.

"ಇಷ್ಟು ಉಂಡಿ ಯಾರು ತಿನ್ನಬೇಕ್ರಿ ಮಾಸ್ತರ್ರ?" ಎಂದಳು. ವಯಸ್ಸಿನಲ್ಲಿ ಇವರೇ ದೊಡ್ಡವರಲ್ಲ, ಅಣ್ಣಾ ಅನ್ನಬಾರದೇ ಎಂದು ಜ್ಯೋತಿ ಕೇಳಿದಳು. "ಅಂತೇನ್ರಿ ವೈನಿ, ರೂಢಿ ಆಗಲಿ" ಎಂದಳು. ಅವಸರವಿಲ್ಲ.

17 ಅಕ್ಟೋಬರ್, ಮಂಗಳವಾರ

ದಿಲ್ಲಿಯ ತೀರ್ಪು ಬಂತು. ಅಂಥ ಮದುವೆಗೆ ಕಾನೂನಿನ ಹೆಸರು ಕೊಡುವುದು ತಮ್ಮ ಕೆಲಸವಲ್ಲ, ಸಂಸತ್ತು ನೋಡಿಕೊಳ್ಳಬೇಕು ಎಂದರು. ಚಹದಂಗಡಿಯಲ್ಲಿ, "ಮಾಸ್ತರ್ರ, ನೀವು ಗೆದ್ರಿ ನೋಡ್ರಿ" ಎಂದು ಕೈ ಕುಲುಕಿದರು. ನಿವೃತ್ತ ನೌಕರರ ಸಂಘದವರು ಭಾನುವಾರ ಈ ಬಗ್ಗೆ ಭಾಷಣ ಮಾಡಿ, ಆ ಐದು ಲಕ್ಷಣ ಹೇಳಿ ಎಂದರು. ಬೆರಳು ಮಡಚಲು ಕೈ ಎತ್ತಿದೆ, ಅಂಗೈ ನೋಡಿ ಇಳಿಸಿದೆ. ಭಾನುವಾರ ಬಿಡುವಿಲ್ಲ ಎಂದೆ.

ಸಂಜೆ ಸುಮಿತಾಗೆ ಫೋನು ಮಾಡಿದೆ. "ಊಟ ಆತೇನಮ್ಮಾ?" ಎಂದೆ. ಆರು ಗಂಟೆಗೆ ಯಾರು ಊಟ ಮಾಡುತ್ತಾರೆ? ಅವಳು, "ಇಲ್ಲ ಸರ್, ಪೂರ್ಣಿಮಾ ಅಡಗಿ ಮಾಡಾಕತ್ತಾಳ" ಎಂದಳು. "ಇಬ್ಬರೂ ಒಮ್ಮೆ ಹಳಿಯಾಳಕ್ಕ ಬರ್ರಿ" ಎಂದೆ. ಬರ್ತೇವ್ರಿ ಎಂದಳು. ಧ್ವನಿ ಒದ್ದೆಯಾಗಿತ್ತು. ಗೆದ್ದೆ ಎಂದು ನನಗೆ ಅನ್ನಿಸಲಿಲ್ಲ.

ಓದುಗರ ಪತ್ರ ಇನ್ನೂ ಮೇಜಿನ ಖಾನೆಯಲ್ಲಿತ್ತು. ಹಿಂಬದಿ ಖಾಲಿ ಇತ್ತು. ಹಾಳೆ ಕೆಡಿಸುವುದೇಕೆಂದು ರೇಷನ್ ಕಾರ್ಡಿನ ತಿದ್ದುಪಡಿ ಅರ್ಜಿಯ ಕರಡನ್ನು ಅದರ ಮೇಲೆಯೇ ಬರೆದೆ. ಕಾಶೆವ್ವ. ಸಂಬಂಧ: ಹೆಂಡತಿ. ಪೆನ್ನು ಎಲ್ಲಿಯೂ ನಿಲ್ಲಲಿಲ್ಲ.

21 ಅಕ್ಟೋಬರ್, ಶನಿವಾರ

ಭಾವ ಮಳಗಿಗೆ ಮರಳಿ ಹತ್ತು ದಿನವಾಯಿತು. ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕುತ್ತಾನಂತೆ. ನಾಳೆ ಭಾನುವಾರ ನಮ್ಮಿಬ್ಬರನ್ನೂ ಕರೆದಿದ್ದಾರೆ. ಬೆಳಿಗ್ಗೆ ಫೋನು ಬಂತು: ಗೋಧಿ ನೆನೆ ಹಾಕಿದ್ದೇನೆ, ಹುಗ್ಗಿ ಮಾಡುತ್ತೇನೆ, ಈ ಸಲ ಮೊದಲನೇ ಬಸ್ಸಿಗೆ ಓಡಬಾರದು.

ನಾಳೆ ಅಕ್ಕನ ಮನೆಗೆ ಹೋಗಬೇಕು, ಎರಡು ಚೀಲ ತೆಗೆದಿಡು ಎಂದೆ. ಜ್ಯೋತಿ ಕಪಾಟಿನ ಬಾಗಿಲು ಹಿಡಿದು ನನ್ನನ್ನೇ ನೋಡುತ್ತ, "ಯಾವ ಅಕ್ಕ ರೀ?" ಎಂದಳು.

ಎಂಥ ಪ್ರಶ್ನೆ. ನನಗೆ ಇರುವ ಅಕ್ಕ ಒಬ್ಬಳೇ, ಮಳಗಿಯಲ್ಲಿ.